ಅತ್ತೆಯ ಹೊತ್ತು, ನಾರ್ವೆಯ ಹಿಮ

ನಮ್ಮ ಅತ್ತೆಯ ಬಾಯಲ್ಲಿ ಒಂದು ಮಾತಿದೆ. ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. "ನೀವು ಹೋಗಿ ಬರ್ರಿ." ಮದುವೆಯ ಆರತಕ್ಷತೆ ಇರಲಿ, ಮಾಧವನಗರದ ಮಾವಶಿಯ ಮನೆಯ ಊಟವಿರಲಿ, ಊರೂರು ತಿರುಗುವ ಪ್ರವಾಸವಿರಲಿ, ಅವರದು ಅದೇ ರಾಗ. ಕಾರಣ ಎಲ್ಲರಿಗೂ ಗೊತ್ತು. ನಾವು ಕನ್ನಡ ಮನೆಮಾತಿನ ಜೈನರು, ಸಾಂಗ್ಲಿಯಲ್ಲಿ ಅರಿಶಿನದ ವ್ಯಾಪಾರ ಮಾಡಿಕೊಂಡು ತಲೆಮಾರುಗಳೇ ಕಳೆದಿವೆ. ಹೊತ್ತು ಮುಳುಗಿದ ಮೇಲೆ ಉಣ್ಣಬಾರದು ಎಂಬ ನೇಮವನ್ನು ನಾವೆಲ್ಲ ಚಾತುರ್ಮಾಸದಲ್ಲಿ ಹೇಗೋ ನಡೆಸಿ ಆಮೇಲೆ ಮರೆಯುವವರು. ಅತ್ತೆ ಹಾಗಲ್ಲ. ಮದುವೆಗೂ ಮೊದಲು ಹಿಡಿದ ನೇಮ, ವರ್ಷವಿಡೀ ನಡೆಸುತ್ತಾರೆ. ಸಂಜೆಯ ನಂತರ ಅನ್ನವಿರಲಿ, ಗುಟುಕು ನೀರೂ ಇಲ್ಲ. ಈಗಿನ ಕಾಲದಲ್ಲಿ ಬೆಳಕಿದ್ದಾಗ ಊಟಕ್ಕೆ ಬಡಿಸುವವರು ಯಾರಿದ್ದಾರೆ? ತನ್ನೊಬ್ಬಳಿಂದ ಎಲ್ಲರಿಗೂ ತ್ರಾಸು ಏಕೆ ಎಂದು ಅವರು ಮನೆಯಲ್ಲೇ ಉಳಿಯುತ್ತಾರೆ.

ನಾನು ಮಿರಜದ ಆಸ್ಪತ್ರೆಯೊಂದರಲ್ಲಿ ಫಿಜಿಯೊಥೆರಪಿಸ್ಟ್. "ಬಗ್ಗಸ್ರಿ, ಇನ್ನೂ ಸ್ವಲ್ಪ, ಅಳಬ್ಯಾಡ್ರಿ" ಎಂದು ದಿನವಿಡೀ ಜನರ ಮೊಣಕಾಲುಗಳನ್ನು ಗದರುವುದೇ ನನ್ನ ಉದ್ಯೋಗ. ಅದೇ ಸಿಟ್ಟನ್ನು ಬಸ್ಸಿನಲ್ಲಿ ಮನೆಗೂ ತರುತ್ತೇನೆ ಎಂದು ನಮ್ಮ ಮನೆಯವರ ದೂರು. ತಂದರೆ ತರುತ್ತೇನೆ. ಸಿಟ್ಟಿಲ್ಲದಿದ್ದರೆ ಅತ್ತೆಯನ್ನು ಕಾಶ್ಮೀರಕ್ಕೆ ಕರೆದೊಯ್ಯಲು ಆಗುತ್ತಿತ್ತೆ?

ಅದು ಎರಡು ವರ್ಷದ ಹಿಂದಿನ ಮಾತು. ಗುಲ್ಮರ್ಗದ ಹಿಮದಲ್ಲಿ ನಾನು, ನಮ್ಮ ಮನೆಯವರು ಮತ್ತು ಮಗಳು ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಬಿದ್ದೆವು. ಜಾರಿದೆವು ಎಂದು ಬರೆಯುವ ಆಸೆಯಿದೆ, ಆದರೆ ಬಿದ್ದದ್ದೇ ನಿಜ. ಅತ್ತೆ ನಮ್ಮ ಬೂಟು ಕಾಯುತ್ತ ನಿಂತಿದ್ದರು. ಹೊರಡುವ ಹೊತ್ತಿಗೆ ಕಲಿಸುವಾತ ತಾನಾಗಿಯೇ ಅವರ ಕಾಲಿಗೂ ಹಲಗೆ ಕಟ್ಟಿ ಮೆಲ್ಲಗೆ ನೂಕಿಬಿಟ್ಟ. ಅತ್ತೆ ಬೀಳಲಿಲ್ಲ! ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡಿದ್ದವರು ನಮ್ಮ ಮನೆಯ ಅಂಗಳದಷ್ಟು ದೂರ ಜಾರಿ ಹೋಗಿ ನಿಂತರು. ನಿಂತವರೇ ನಕ್ಕರು. ಬಾಯಿಗೆ ಸೆರಗು ಅಡ್ಡ ಹಿಡಿಯದೆ, ಹಲ್ಲೆಲ್ಲ ಕಾಣುವಂತೆ ನಕ್ಕರು. ಸೊಸೆಯಾಗಿ ಬಂದಾಗಿನಿಂದ ಆ ನಗುವನ್ನು ನಾನು ಕೇಳಿರಲಿಲ್ಲ. "ಇನ್ನೊಮ್ಮೆ ನೂಕು" ಎಂದು ಕನ್ನಡದಲ್ಲೇ ಆ ಕಾಶ್ಮೀರಿಗೆ ಹೇಳಿದರು.

ಅಷ್ಟರಲ್ಲಿ ಬಿಸಿಲು ಇಳಿಯುತ್ತಿತ್ತು. ಅವರ ಊಟದ ಡಬ್ಬಿ ಹೋಟೆಲಿನಲ್ಲಿತ್ತು. ಅತ್ತೆ ಆಕಾಶ ನೋಡಿದರು, ಹಲಗೆ ಬಿಚ್ಚಿಸಿಕೊಂಡರು. ದಾರಿಯಲ್ಲಿ ಗಾಡಿಗಳು ಸಿಕ್ಕಿಬಿದ್ದು ನಾವು ತಲುಪುವಷ್ಟರಲ್ಲಿ ಕತ್ತಲಾಗಿತ್ತು. "ನೀವು ಉಣ್ರಿ" ಎಂದು ಅವರು ಹೊದ್ದು ಮಲಗಿದರು. ಇನ್ನೊಮ್ಮೆಯೂ ಇಲ್ಲ, ಊಟವೂ ಇಲ್ಲ. ಈ ಹೆಂಗಸನ್ನು ಮತ್ತೊಮ್ಮೆ ಹಿಮದ ಮೇಲೆ ನಿಲ್ಲಿಸಬೇಕು, ಆಕಾಶ ನೋಡಿ ಓಡಿಬರುವ ಹಂಗಿಲ್ಲದೆ ಮನಸ್ಸು ತುಂಬುವಷ್ಟು ಜಾರಲು ಬಿಡಬೇಕು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ನಾರ್ವೆಯ ವಿಷಯ ತಲೆಗೆ ಹಾಕಿದವರು ನಮ್ಮ ಆಸ್ಪತ್ರೆಯ ಡಾಕ್ಟರ್ ಬಾಯಿ. ಅವರು ಅಲ್ಲಿ ಸಮ್ಮೇಳನಕ್ಕೆಂದು ಹೋಗಿ ಸ್ಕೀ ಕಲಿತು ಬಂದವರು. ಅರ್ಧಂಬರ್ಧ ಕಲಿತವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದರು. ಗುಡ್ಡಗಳು ತಗ್ಗು, ಇಳಿಜಾರು ಅಗಲ, ನೂಕುನುಗ್ಗಲು ಕಡಿಮೆ. ಇಳಿಜಾರಿಗೆಲ್ಲ ಬಣ್ಣದ ಗುರುತು ಹಾಕಿರುತ್ತಾರಂತೆ. ಹಸಿರು ಎಂದರೆ ಹೊಸಬರದು, ನೀಲಿ ಸ್ವಲ್ಪ ಕಲಿತವರದು, ಕೆಂಪು ಮತ್ತು ಕಪ್ಪಿನ ಕಡೆಗೆ ನಾವು ತಲೆ ಹಾಕಿಯೂ ಮಲಗಬಾರದು. ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬುವುದರಲ್ಲಿತ್ತು, ವಿದೇಶ ತೋರಿಸುತ್ತೇನೆ ಎಂದು ನಮ್ಮ ಮನೆಯವರು ಬಾಯಿ ಬಿಟ್ಟು ಹೇಳಿಯೂ ಆಗಿತ್ತು. ಹೋದ ಸಂಕ್ರಾಂತಿಯ ದಿನ ಎಳ್ಳುಬೆಲ್ಲ ತಿನ್ನುತ್ತ ನಾಲ್ವರೂ ಕೂತು ಬರುವ ಡಿಸೆಂಬರಿನ ಕೊನೆಗೆ ಹೊರಡುವುದೆಂದು ತೀರ್ಮಾನಿಸಿದೆವು.

ಜಾಗದ ಮಾತು ಬಂದಾಗ ಎತ್ತು ಏರಿಗೆ, ಕೋಣ ನೀರಿಗೆ. ನನಗೆ ಹಸಿರು ಇಳಿಜಾರು ಇದ್ದರೆ ಸಾಕು. ನಮ್ಮ ಮನೆಯವರಿಗೆ ಉತ್ತರದ ತುದಿಯಲ್ಲಷ್ಟೇ ಕಾಣುವ ಹಸಿರು ಬೆಳಕು ಆಕಾಶದಲ್ಲಿ ಕುಣಿಯಬೇಕು, ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳಬೇಕು, ಅದು ಅರಿಶಿನ ಪೇಟೆಯಲ್ಲೆಲ್ಲ ತಿರುಗಬೇಕು. ಕೊನೆಗೆ ಅವರ ಹಟವೇ ಗೆದ್ದು, ನಕಾಶೆಯ ತಲೆಯ ಮೇಲಿರುವ ಒಂದು ಊರು ಆರಿಸಿದೆವು. ಅಡುಗೆಮನೆ ಇರುವ ಮರದ ಮನೆ ಸಿಕ್ಕಿತು. ಉಳ್ಳಾಗಡ್ಡಿ, ಆಲೂಗಡ್ಡೆ ಮುಟ್ಟದ ನಮಗೆ ಅದೇ ದೊಡ್ಡ ಸಮಾಧಾನ. ಶೇಂಗಾ ಚಟ್ನಿ ಎಷ್ಟು, ಧಪಾಟಿ ಎಷ್ಟು ಎಂದು ಲೆಕ್ಕ ಹಾಕಿದೆ. ನಾಲ್ಕು ಜೊತೆ ಉಣ್ಣೆಯ ಒಳಉಡುಪು ತಂದೆ. "ಕೂಸು ಹುಟ್ಟೂಕಿಂತ ಮೊದಲ ಕುಲಾವಿ" ಎಂದು ನಮ್ಮ ಮನೆಯವರು ನಕ್ಕರು.

ಅತ್ತೆ ಮಾತ್ರ ಎಲ್ಲ ಕೇಳುತ್ತ ಅವರೆಕಾಯಿ ಬಿಡಿಸುತ್ತಿದ್ದರು. ಒಂದು ಮಧ್ಯಾಹ್ನ ತಲೆಯೆತ್ತಿ ಒಂದೇ ಪ್ರಶ್ನೆ ಕೇಳಿದರು.

"ಅಲ್ಲೆ ಹೊತ್ತು ಯಾವಾಗ ಮುಣಗತೈತಿ?"

ಮಗಳು ಮೊಬೈಲಿನಲ್ಲಿ ನೋಡಿದಳು. ಮತ್ತೆ ನೋಡಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಆದರೆ ಗಾಬರಿಯಾದರೆ ಮರಾಠಿಯೇ ಹೊರಬರುವುದು. "ಆಜೀ, ತೋ ಉಗವತಚ್ ನಾಹೀ."

ಹುಟ್ಟುವುದೇ ಇಲ್ಲ! ಆ ಊರಿನಲ್ಲಿ ಆ ದಿನಗಳಲ್ಲಿ ಸೂರ್ಯ ಮೇಲೆ ಬರುವುದೇ ಇಲ್ಲ. ಮಧ್ಯಾಹ್ನಕ್ಕೆ ಸ್ವಲ್ಪ ನಸುಕು, ಮತ್ತೆ ಕತ್ತಲೆ. ವಾರವಿಡೀ ಸೂರ್ಯನಿಲ್ಲದ ಕಡೆಗೆ, ಸೂರ್ಯನನ್ನು ನೋಡಿ ಉಣ್ಣುವವರನ್ನು ನಾವು ಕರೆದೊಯ್ಯಲು ಹೊರಟಿದ್ದೆವು. ಮೂರು ಜನ ಓದಿದವರು ಕೂತು ಚಟ್ನಿಯ ಲೆಕ್ಕ ಮಾಡಿದ್ದೆವೇ ಹೊರತು ಇದು ಒಬ್ಬರಿಗೂ ಹೊಳೆದಿರಲಿಲ್ಲ.

ಅತ್ತೆಗೆ ಒಂದಿಷ್ಟೂ ಬೇಸರವಾದಂತೆ ಕಾಣಲಿಲ್ಲ. ಅವರೆಕಾಯಿಯ ಸಿಪ್ಪೆ ಒಟ್ಟುಮಾಡುತ್ತ, "ಹಂಗಾದ್ರ ನೀವು ಹೋಗಿ ಬರ್ರಿ" ಎಂದರು.

ನಮ್ಮ ಮನೆಯವರು ತಮ್ಮ ತಪ್ಪು ಮುಚ್ಚಿಕೊಳ್ಳಲು ವಕೀಲರಾದರು. "ಅವ್ವಾ, ಕೈಯಾಗ ಸಾಂಗ್ಲಿ ಟೈಮಿನ ವಾಚ್ ಕಟ್ಟಕೋ. ಇಲ್ಲೆ ಹಗಲಿದ್ದಾಗ ಅಲ್ಲೆ ಉಣ್ಣು."

"ಸಾಂಗ್ಲಿ ಬಿಸಲಾಗ ನಾರ್ವೆದಾಗಿನ ಅರಬಿ ಒಣಗತಾವೇನು?" ಎಂದರು ಅತ್ತೆ.

ಮಗಳು ಇನ್ನೊಂದು ದಾರಿ ಹುಡುಕಿದಳು. ರಾತ್ರಿ ಊಟ ಬೇಡವೆನ್ನುವುದು ಕತ್ತಲಲ್ಲಿ ಹುಳಹುಪ್ಪಟೆ ಸಾಯಬಾರದೆಂದು, ಆ ಚಳಿಯಲ್ಲಿ ಹುಳವೇ ಇರುವುದಿಲ್ಲವಲ್ಲ? ಅತ್ತೆ ಅವಳ ಗಲ್ಲ ಹಿಂಡಿದರು. "ನನ್ನ ನಾಲಗಿ ಐತೆಲ್ಲ, ಅದೂ ಒಂದ ಹುಳಾನ. ಅದನ್ನ ಹಿಡದಿಡಾಕ ಈ ನೇಮ. ನೀವು ಹೋಗಿ ಬರ್ರಿ, ನನಗ ಫೋಟೋ ತೋರಸ್ರಿ."

ನಾನು ಕೈಯಲ್ಲಿದ್ದ ಒಳಉಡುಪಿನ ಚೀಲವನ್ನು ನೆಲಕ್ಕೆ ಬಡಿದೆ. "ಅತ್ತಿ, ಇನ್ನೊಮ್ಮೆ ಆ ಮಾತಂದ್ರ ಈ ಮನ್ಯಾಗಿಂದ ಯಾರೂ ಎಲ್ಲೂ ಹೋಗಂಗಿಲ್ಲ, ನೋಡ್ರಿ!" ಎಂದು ಕಿರುಚಿದೆ. ಪಕ್ಕದ ಮನೆಯ ಕಿಟಕಿ ತೆರೆದ ಸದ್ದು ಕೇಳಿಸಿತು. ನಮ್ಮ ಮನೆಯವರು ಮೆಲ್ಲಗೆ ಅಂಗಡಿಗೆ ಹೊರಟುಹೋದರು.

ಮರುದಿನ ಡಾಕ್ಟರ್ ಬಾಯಿಯವರಿಗೆ ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕು, ಅಷ್ಟು ಮೇಲೆ ಏಕೆ ಹೋಗಬೇಕು, ಹೊಸಬರಿಗೆ ಬೇಕಾದ ಇಳಿಜಾರು ದಕ್ಷಿಣದಲ್ಲೇ ಇದೆ ಎಂದರು. ಅಲ್ಲಿ ಸೂರ್ಯನೂ ಇದ್ದಾನೆ. ಒಂಬತ್ತು ದಾಟಿ ಹುಟ್ಟುತ್ತಾನೆ, ಮೂರರ ಸುಮಾರಿಗೆ ಮುಳುಗುತ್ತಾನೆ, ಸರಕಾರಿ ಕಚೇರಿಯವರ ಹಾಗೆ. ನಾನು ಬಸ್ಸಿನಲ್ಲೇ ಮಗಳಿಗೆ ಫೋನು ಹಚ್ಚಿ ಊರು ಬದಲಿಸಿದೆ. ಕುಣಿಯುವ ಬೆಳಕಿನ ಫೋಟೋ ಹೋಯಿತೆಂದು ನಮ್ಮ ಮನೆಯವರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಊದಿಸಿಕೊಳ್ಳಲಿ.

ಆದರೆ ಕಂಟಕ ಅಲ್ಲಿಗೇ ತೀರಲಿಲ್ಲ. ಅತ್ತೆ ಸೂರ್ಯ ಹುಟ್ಟಿ ಎರಡು ಗಳಿಗೆ, ಎಂದರೆ ಮುಕ್ಕಾಲು ಗಂಟೆ, ಕಳೆದ ಮೇಲೆ ಬಾಯಿ ಮುಕ್ಕಳಿಸುವವರು, ಮುಳುಗಲು ಎರಡು ಗಳಿಗೆ ಇರುವಾಗಲೇ ಕೈ ತೊಳೆಯುವವರು. ಅಷ್ಟು ಗಿಡ್ಡ ಹಗಲಿನಲ್ಲಿ ಎರಡು ಹೊತ್ತಿನ ಅಡುಗೆ, ಎರಡು ಊಟ. ಹೊಸಬರಿಗೆ ಕಲಿಸುವ ತರಗತಿಯೂ ಅದೇ ಹೊತ್ತಿಗೆ. ಊಟಕ್ಕೆ ಕೂತರೆ ಹಿಮವಿಲ್ಲ, ಹಿಮಕ್ಕೆ ಹೋದರೆ ಊಟವಿಲ್ಲ. ಗುಲ್ಮರ್ಗದ ಸಂಜೆಯೇ ಮತ್ತೆ ಎದುರು ಬಂದು ನಿಂತಿತು. ನಾನು ಹಗಲನ್ನು ಹೇಗೆ ಹೇಗೋ ಹಂಚಿ ನೋಡಿದೆ, ಯಾವ ಕಡೆ ಎಳೆದರೂ ಸಾಲಲಿಲ್ಲ. ಅತ್ತೆ ನನ್ನ ಮುಖ ನೋಡಿ ಆ ಮಾತು ಆಡಲಿಲ್ಲ, ಹೆದರಿದ್ದರು. ಬದಲಿಗೆ, "ನಾ ಮನ್ಯಾಗ ಅಡಗಿ ಮಾಡಿಡತೇನಿ, ನೀವು ಜಾರಿ ಬರ್ರಿ" ಎಂದರು. ಎಲ್ಲಿಗೆ ಬಂದರೂ ಅದೇ. ಅವತ್ತು ನನಗೆ ಸಿಟ್ಟಿಗಿಂತ ಹೆಚ್ಚು ಅಳು ಬಂತು.

ಆ ರಾತ್ರಿಯೇ ಮಗಳು ಆ ಇಳಿಜಾರನ್ನು ಮೊಬೈಲಿನಲ್ಲಿ ತೋರಿಸಿದಳು. ಅಲ್ಲಿ ಕಂಬಕ್ಕೆ ಕ್ಯಾಮೆರಾ ಕಟ್ಟಿದ್ದಾರೆ, ನಡೆಯುತ್ತಿರುವುದು ಆ ಕ್ಷಣವೇ ಕಾಣುತ್ತದೆ. ನಮ್ಮಲ್ಲಿ ದೀಪ ಹಚ್ಚಿ, ಅತ್ತೆಯ ಊಟ ಮುಗಿದು ಬಹಳ ಹೊತ್ತಾಗಿತ್ತು. ಅಲ್ಲಿ ಆಗಷ್ಟೇ ಬೆಳಕು ಆರುತ್ತಿತ್ತು. ಪುಟ್ಟ ಮಕ್ಕಳು, ದಪ್ಪ ಗಂಡಸರು, ನನ್ನಂಥ ಹೆಂಗಸರು, ಎಲ್ಲರೂ ಹಸಿರು ಗುರುತಿನ ಇಳಿಜಾರಿನಲ್ಲಿ ಬೀಳುತ್ತಿದ್ದರು. ಬೀಳುವುದರಲ್ಲಿ ನಾರ್ವೆಗೂ ಸಾಂಗ್ಲಿಗೂ ವ್ಯತ್ಯಾಸವಿಲ್ಲ ಎಂದು ಸಮಾಧಾನವಾಯಿತು. ನೋಡುತ್ತಿದ್ದಂತೆ ಪೂರ್ತಿ ಕತ್ತಲಾಯಿತು. ಇನ್ನು ಎಲ್ಲ ಮನೆಗೆ ಹೋಗುತ್ತಾರೆ ಎಂದುಕೊಂಡೆ. ಆಗ ಇಳಿಜಾರಿನ ಉದ್ದಕ್ಕೂ ಕಂಬಗಳ ಮೇಲೆ ದೊಡ್ಡ ದೊಡ್ಡ ದೀಪಗಳು ಹತ್ತಿಕೊಂಡವು. ಯಾರೂ ಮನೆಗೆ ಹೋಗಲಿಲ್ಲ.

ಅತ್ತೆ ಮೊಬೈಲನ್ನು ಮಗಳ ಕೈಯಿಂದ ಕಸಿದುಕೊಂಡು ಮೂಗಿನ ಹತ್ತಿರ ಹಿಡಿದರು. "ಅಯ್ಯ ನಮ್ಮವ್ವ! ದೀಪದಾಗ ಆಡಾಕತ್ತಾರಲ್ಲ?"

"ಹೂಂ ಆಜೀ, ರಾತ್ರಿ ಎಂಟರ ತನಕ."

ಅತ್ತೆ ಮೊಬೈಲು ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. "ಕತ್ತಲಾಗ ಉಣಬಾರದು ಅಂತ ಐತಿ. ಕತ್ತಲಾಗ ಜಾರಬಾರದು ಅಂತ ಯಾರೂ ಹೇಳಿಲ್ಲಲ್ಲ?"

ಅರಿಹಂತಾ! ಇಷ್ಟು ದಿನ ನಾನು ಹಗಲನ್ನು ಹರಿದು ಹಂಚುತ್ತಿದ್ದೆ, ಇಡೀ ಸಂಜೆ ಖಾಲಿ ಬಿದ್ದಿತ್ತು. ಹಗಲು ಉಣ್ಣುವುದಕ್ಕೆ, ಸಂಜೆ ಆಡುವುದಕ್ಕೆ. ಹೊಟ್ಟೆ ತುಂಬಿಸಿಕೊಂಡು, ಕೈ ತೊಳೆದು, ಆಕಾಶದ ಕಡೆ ನೋಡದೆ ಹೋಗಿ ಬೇಕಾದಷ್ಟು ಜಾರಬಹುದು. ಕಲಿಸುವವರನ್ನು ಕೇಳಿದೆವು, ಸಂಜೆಯೂ ಕಲಿಸುತ್ತೇವೆ ಎಂದರು. ನಾನು ಖುಷಿಯಲ್ಲಿ ಅತ್ತೆಯನ್ನು ಅಪ್ಪಿಕೊಂಡೆ. ನಮ್ಮಲ್ಲಿ ಅತ್ತೆ ಸೊಸೆ ಅಪ್ಪಿಕೊಳ್ಳುವ ರೂಢಿಯಿಲ್ಲ, ಇಬ್ಬರಿಗೂ ನಾಚಿಕೆಯಾಯಿತು.

ಈಗ ದಿನಾ ಸಂಜೆ ನಮ್ಮ ಪಡಸಾಲೆಯಲ್ಲಿ ತಾಲೀಮು ನಡೆಯುತ್ತದೆ. ಸಾಂಗ್ಲಿಯಲ್ಲಿ ಇಳಿಜಾರು ಎಂದರೆ ಕೃಷ್ಣೆಯ ಘಾಟು ಒಂದೇ, ಅಲ್ಲಿ ಜಾರಿದರೆ ನೇರ ಹೊಳೆಗೆ. ಆದ್ದರಿಂದ ಮೊಣಕಾಲು ಗಟ್ಟಿ ಮಾಡುವುದಷ್ಟೇ ನಮ್ಮ ಕೈಯಲ್ಲಿರುವುದು. ಗೋಡೆಗೆ ಬೆನ್ನು ಹಚ್ಚಿ ಕುರ್ಚಿಯಿಲ್ಲದೆ ಕೂರುವುದು, ನಿಲ್ಲಲು ಬೇಕಾದಾಗ ಮುಂಗಾಲು ಒಳಗೆ ಹಿಮ್ಮಡಿ ಹೊರಗೆ ಮಾಡಿ ಸಮೋಸದ ಆಕಾರ ತರುವುದು. ಹುಟ್ಟಿದಾಗಿನಿಂದ ನೆಲದ ಮೇಲೆ ಕೂತೆದ್ದ ಅತ್ತೆಯ ಮೊಣಕಾಲು ನಮ್ಮೆಲ್ಲರದಕ್ಕಿಂತ ಗಟ್ಟಿ. ಅಂಗಡಿಯ ಗಾದಿಯ ಮೇಲೆ ಒರಗಿ ಕೂರುವ ನಮ್ಮ ಮನೆಯವರದು ಕಟಕಟ ಸದ್ದು ಮಾಡುತ್ತದೆ. ಚತುರ್ದಶಿಯ ದಿನ ನಾವು ಹಸಿರು ಕಾಯಿಪಲ್ಲೆ ಮುಟ್ಟುವುದಿಲ್ಲ. ಪ್ರವಾಸದ ನಡುವೆ ಒಂದು ಚತುರ್ದಶಿ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಅತ್ತೆ, "ಅವತ್ತ ಹಸಿರು ಇಳಿಜಾರಾ ಬ್ಯಾಡ, ನೀಲಿ ಮ್ಯಾಗ ಜಾರತೇನಿ" ಎನ್ನುತ್ತಾರೆ. ಜನ್ಮದಲ್ಲಿ ಮೊದಲ ಸಲ ಪ್ಯಾಂಟು ಹಾಕಲೂ ಒಪ್ಪಿದ್ದಾರೆ. ಕತ್ತಲಲ್ಲಿ ಯಾರು ನೋಡುತ್ತಾರೆ ಎಂಬುದು ಅವರ ಧೈರ್ಯ.

ನಿನ್ನೆಯ ತಾಲೀಮಿನಲ್ಲಿ ನಮ್ಮ ಮನೆಯವರು ಗೋಡೆಗೆ ಒರಗಿ ಏದುಸಿರು ಬಿಡುತ್ತ ರಾಗ ತೆಗೆದರು. "ಡಿಸೆಂಬರದಾಗ ಅಂಗಡಿ ಬಿಟ್ಟು ಬರೂದು ನನಗ ಕಠಿಣ ಆಗತೈತಿ. ಈ ವರ್ಷ ಬ್ಯಾಡ, ಮುಂದ ನೋಡೂಣಲ್ಲ?"

ನನ್ನ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ, ಪಡಸಾಲೆಯ ನಡುವೆ ಮೊಮ್ಮಗಳ ಪ್ಯಾಂಟು ಹಾಕಿಕೊಂಡು, ಹಿಮ್ಮಡಿ ಹೊರಗೆ ಮಾಡಿ ಬಗ್ಗಿ ನಿಂತಿದ್ದ ಅತ್ತೆ ತಲೆಯನ್ನೂ ಎತ್ತದೆ ಹೇಳಿದರು.

"ಆಗಂಗಿಲ್ಲಂದ್ರ ನೀ ಇಲ್ಲೇ ಇರಪಾ. ನಾವು ಹೋಗಿ ಬರತೇವಿ."