ಲಾಡ್ಲೇಸಾಬನ ಮೊದಲ ಜಗ್ಗು

ಮುಂಬಯಿಯ ವಿಕ್ರೋಳಿಯಲ್ಲಿ ಮರ ಕೊಯ್ಯುವ ಚೈನ್‌ಸಾ ರಿಪೇರಿ ಮಾಡುವ ವಿಜಯಪುರದ ಲಾಡ್ಲೇಸಾಬನ ಕೈಗೆ ಹೊಸ ಮಷೀನು ಕೊಡುವುದೂ ಒಂದೇ, ಮಗುವನ್ನು ಕಟಿಂಗ್ ಅಂಗಡಿಗೆ ಕಳಿಸುವುದೂ ಒಂದೇ; ಹೋದ ಹಾಗೆ ವಾಪಸು ಬರುವುದಿಲ್ಲ. ಸೈಲೆನ್ಸರಿನ ಬಾಯಿ ಅಗಲಿಸುತ್ತಾನೆ, ಚೈನಿನ ಹಲ್ಲುಗಳನ್ನು ಮದುಮಗಳ ಉಗುರಿನಂತೆ ಕಾನಸಿನಿಂದ ತೀಡುತ್ತಾನೆ, ಆಮೇಲೆ ಐವತ್ತು ಸಿಸಿಯ ಎರಡು ಮಷೀನುಗಳನ್ನು ಒಂದೇ ಮಾವಿನ ದಿಮ್ಮಿಯ ಮೇಲೆ ಜಿದ್ದಿಗೆ ಬಿಡುತ್ತಾನೆ. ಮಷೀನು ಮಾರುವ ಗ್ರಾಂಟ್ ರೋಡಿನ ಗುರುಪಾದಪ್ಪನದು ಒಂದೇ ತಕರಾರು: ಲಾಡ್ಲೇಸಾಬ ಸೆಕೆಂಡು ಎಣಿಸುವುದು ಚೈನು ಕಟ್ಟಿಗೆಗೆ ತಾಗಿದಾಗಿನಿಂದಲ್ಲ, ಸ್ಟಾರ್ಟ್ ಮಾಡುವ ಹಗ್ಗಕ್ಕೆ ಕೈ ಹಾಕಿದಾಗಿನಿಂದ. ಗುರುಪಾದಪ್ಪ ತಂದ ಮಷೀನು ಇವತ್ತೂ ದಿಮ್ಮಿಯನ್ನು ಬೆಣ್ಣೆಯಂತೆ ಕೊಯ್ದು, ಹಗ್ಗದ ನಾಲ್ಕು ಜಗ್ಗಿಗೆ ಎದ್ದ ತಪ್ಪಿಗೆ ಲಾಡ್ಲೇಸಾಬನದಕ್ಕೆ ಸೋತಿತು. "ಏನ್ ಸಾಬ, ಮಂದಿ ಸಂಸಾರಾ ಅಕ್ಷತಿ ಬಿದ್ದಾಗಿಂದ ಎಣಿಸ್ತಾರ, ನೀ ಹೆಣ್ಣ ನೋಡಾಕ ಹೋದಾಗಿಂದ ಎಣಿಸ್ತೀಯಲ್ಲೋ!" ಎಂದ ಗುರುಪಾದಪ್ಪ. ಲಾಡ್ಲೇಸಾಬ ನಗಲಿಲ್ಲ. "ಹ್ವಾದ ಮಳಿಗಾಲದಾಗ ರಿಕ್ಷಾದ ಮ್ಯಾಲ ಮರಾ ಬಿತ್ರಿ, ಸಾವಕಾರ್ರ. ಒಳಗ ನನ್ನ ಮಗಳು ಸಮೀನಾ ಸಿಕ್ಕೊಂಡಿದ್ಳು. ಕೊಯ್ಯೂದ್ರಾಗ ನನ್ನ ಮಷೀನಿಗೆ ಜೋಡಿಲ್ಲ. ಆದ್ರ ಅವತ್ತ ಏಳ ಜಗ್ಗಿಗೆ ಎದ್ದಿತು. ಏಳೂ ಸಲ ಆಕಿ 'ಅಬ್ಬಾ' ಅಂತ ಕೂಗಿದ್ಳು." ಅಷ್ಟರಲ್ಲಿ ಒಂದು ಕಾಲು ಎಳೆಯುತ್ತ ಚಹಾ ತಂದ ಸಮೀನಾ ಎಂದಿನಂತೆ ಕೇಳಿದಳು: "ಇವತ್ತ ಎಷ್ಟ ಜಗ್ಗು, ಅಬ್ಬಾ?" ಗುರುಪಾದಪ್ಪನೇ ಮುಂದಾಗಿ ಹೇಳಿದ: "ನಿಮ್ಮಪ್ಪಂದು ಒಂದವ್ವಾ, ನಂದು ನಾಕು. ನಂದನ್ನೂ ನಿಮ್ಮಪ್ಪನ ಕೈಗೆ ಬಿಟ್ಟ ಹೋಗ್ತೀನಿ."