ಏಳನೆಯವನ ನಮಸ್ಕಾರ

ತಲ್ಲೂರಿನ ಶೀನಣ್ಣ ಟಿ.ವಿ.ಗೆ ನಮಸ್ಕಾರ ಮಾಡುತ್ತಿದ್ದರು. ಕೈಮುಗಿಯುವ ನಮಸ್ಕಾರವಲ್ಲ, ಚಪ್ಪಲಿ ಬಿಟ್ಟು, ಎರಡೂ ಕೈಗಳನ್ನು ತೊಡೆಗೆ ಒತ್ತಿ, ಸೊಂಟದಿಂದ ಬಾಗುವ ನಮಸ್ಕಾರ. ಹೆದ್ದಾರಿ ಬದಿಯ ಅವರ ರಿಪೇರಿ ಅಂಗಡಿಗೆ ಮಿಕ್ಸಿ ಹಿಡಿದುಕೊಂಡು ಮೊದಲ ಸಲ ಬಂದವರು ಇದನ್ನು ಕಂಡು ತಾವೂ ಚಪ್ಪಲಿ ಬಿಡುತ್ತಿದ್ದರು. ಒಬ್ಬ ಹೆಂಗಸು ಟಿ.ವಿ. ಮೇಲೆ ಎರಡು ದಾಸವಾಳ ಇಟ್ಟು ಹೋದದ್ದನ್ನು ನಾನೇ ನೋಡಿದ್ದೇನೆ.

ಪರದೆಯಲ್ಲಿದ್ದದ್ದು ದೇವರಲ್ಲ, ಕರಾಟೆಯವ. ಬಿಳಿ ಅಂಗಿ, ಕಪ್ಪು ಪಟ್ಟಿ, ಎಣಿಸಿ ಮುಗಿಸಬಹುದಾದಷ್ಟು ಚೌಕಗಳಿಂದ ಮಾಡಿದ ಮುಖ. ಶೀನಣ್ಣ ಹಿಂದೆ ಮುಂಬಯಿಯ ಕಂಪನಿಯೊಂದರ ಕ್ಯಾಂಟೀನಿನಲ್ಲಿದ್ದಾಗ, ಅಲ್ಲಿನ ಎಂಜಿನಿಯರೊಬ್ಬರು ವಿದೇಶದಿಂದ ತಂದು, ಹಳತಾದ ಮೇಲೆ ಇವರಿಗೆ ಕೊಟ್ಟ ಮನೆ ಕಂಪ್ಯೂಟರಿನ ಆಟ ಅದು. ಕೀಲಿಮಣೆಯೇ ಇಡೀ ಯಂತ್ರ. ಟಿ.ವಿ.ಗೆ ಜೋಡಿಸಬೇಕು, ಆಟವನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಿಂದ ತುಂಬಿಸಬೇಕು. ತುಂಬುವಾಗ ಕಿವಿ ಹರಿಯುವಂಥ ಕೀರಲು ಸದ್ದು. ಮೀನಿನ ಬುಟ್ಟಿ ಹೊತ್ತು ಹೋಗುವ ಗುಲಾಬಿ ಹೊರಗಿನಿಂದಲೇ ಕೂಗುತ್ತಿದ್ದಳು:

"ಹ್ವಾಯ್ ಶೀನಣ್ಣ, ಇವತ್ತ್ ಯಾರ್ ಮನಿ ಬೆಕ್ಕಿನ್ ಕುತ್ಗಿ ಹಿಸ್ಕುದ್?"

"ನೀ ಸುಮ್ನೆ ಹೋಗ್ ಮಾರಾಯ್ತಿ, ಆಳ್ ಬಪ್ಪು ಹೊತ್ತ್!"

ಆಟಕ್ಕೆ ಎರಡು ಭಾಗ. ಮೊದಲನೆಯದನ್ನು ಅವರು ಮುಂಬಯಿಯಲ್ಲೇ ಗೆದ್ದು ಮುಗಿಸಿದ್ದರು. ಎರಡನೆಯ ಭಾಗದಲ್ಲಿ ಏಳು ಎದುರಾಳಿಗಳು. ಒಬ್ಬನನ್ನು ಕೆಡವಿದರೆ ಕ್ಯಾಸೆಟ್ ಮುಂದೆ ಓಡಿ ಇನ್ನೊಬ್ಬನನ್ನು ತರುತ್ತದೆ. ದಿನಕ್ಕೆ ಒಂದೇ ಆಟ, ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ. ನಾನು ಆಗ ಕುಂದಾಪುರದಲ್ಲಿ ಪತ್ರಿಕೆಯೊಂದರ ವರದಿಗಾರ. ರೇಡಿಯೊ ರಿಪೇರಿಗೆಂದು ಒಮ್ಮೆ ಹೋದವನು, ರೇಡಿಯೊ ಸರಿಯಾದ ಮೇಲೂ ಆ ಹೊತ್ತಿಗೆ ಹೋಗುವುದನ್ನು ಬಿಡಲಿಲ್ಲ. ನಾನು ನೋಡಲು ತೊಡಗುವ ಹೊತ್ತಿಗೇ ಅವರು ಆರನೆಯವನ ಕೈಯಲ್ಲಿ ಹಲವು ವರ್ಷಗಳಿಂದ ಸೋಲುತ್ತಿದ್ದರು.

ಕಾರಣ ಸರಳ. ಕಾಳಗದ ಮೊದಲು ಇಬ್ಬರೂ ಬಾಗುವ ಕ್ರಮವಿತ್ತು, ಅದಕ್ಕೊಂದು ಗುಂಡಿ. ಆರನೆಯವನು ಅರ್ಧ ಬಾಗಿ ಒದೆಯುತ್ತಿದ್ದ. ಶೀನಣ್ಣ ಪರದೆಯ ಒಳಗೂ ಹೊರಗೂ ಪೂರ್ತಿ ಬಾಗುವವರು. ತಲೆ ಎತ್ತುವಾಗ ಅವರ ಆಳು ನೆಲದ ಮೇಲೆ.

"ನೀವೂ ಅರ್ಧವೇ ಬಗ್ಗಿ" ಎಂದೆ ಒಮ್ಮೆ.

"ಅವ್ನ್ ಮರ್ಯಾದಿ ಅವ್ನ್ ಹತ್ರ, ನನ್ ಮರ್ಯಾದಿ ನನ್ ಹತ್ರ" ಎಂದರು. "ಏಳ್ನೆಯವ ಇವ್ರಿಗೆಲ್ಲ ಗುರು, ಕಾಣಿ. ಗುರು ಅಂದ್ರೆ ಪೂರ್ತಿ ಬಗ್ಗುವವನೇ ಆಗಿರ್ಕ್. ಅವ್ನನ್ನ ಕಾಣ್ದೆ ನಾ ಸಾಯುದಿಲ್ಲೆ."

ಇದು ತಮಾಷೆಯ ಮಾತಲ್ಲವೆಂದು ತಿಳಿದದ್ದು ಬೈಂದೂರಿನ ಹೋಟೆಲಿನವರೊಬ್ಬರು ಗ್ರೈಂಡರ್ ತಂದ ದಿನ. ಕಾಯುತ್ತ ಕುಳಿತವರು ಒಂದು ಕೈ ನೋಡುತ್ತೇನೆಂದರು. ಶೀನಣ್ಣ ಮೊದಲನೆಯವನನ್ನು ತಂದುಕೊಟ್ಟರು. ಎದುರಾಳಿ ತಲೆ ತಗ್ಗಿಸಿದ್ದಾಗಲೇ ಹೋಟೆಲಿನವರು ಒದ್ದರು, ಅವನು ಉರುಳಿದ.

"ಇಷ್ಟೇ ಅಲ್ದಾ? ಇದಕ್ಕೆ ವರ್ಷಗಟ್ಲೆ ಎಂತಕ್ಕ್?"

ಶೀನಣ್ಣ ಟಿ.ವಿ.ಯ ಸ್ವಿಚ್ ಆರಿಸಿದರು. "ಏಳಿ ಮಾರಾಯ್ರೆ. ನಿಮ್ ಗ್ರೈಂಡರ್ ನನ್ ಕೈಯಗೆ ಆತಿಲ್ಲೆ." ಗ್ರೈಂಡರ್ ಅಷ್ಟರಲ್ಲಾಗಲೇ ರಿಪೇರಿಯಾಗಿತ್ತು. ಶೀನಣ್ಣ ಹೊಸ ವೈರನ್ನು ಬಿಚ್ಚಿ, ಕೆಟ್ಟಿದ್ದನ್ನೇ ಮತ್ತೆ ಸಿಕ್ಕಿಸಿ ಕೊಟ್ಟರು.

ಕೊನೆಗೆ ಅವರು ಮೊದಲ ಒದೆ ತಿಂದೇ ಗೆಲ್ಲುವುದನ್ನು ಕಲಿತರು. ಒಂದು ಬೆಳಿಗ್ಗೆ ಆರನೆಯವನು ಬಿದ್ದ. ಶೀನಣ್ಣ ಅವನಿಗೊಂದು ನಮಸ್ಕಾರ ಮಾಡಿ, ಟೇಪ್ ರೆಕಾರ್ಡರಿನ ಗುಂಡಿ ಒತ್ತಿದರು. ಕೀರಲು ಬರಲಿಲ್ಲ. ಚೆಂಡೆಯೊಂದು ಬಡಿದು ನಿಂತಿತು. ಆಮೇಲೆ ದೊಡ್ಡ ಗಂಟಲು:

"ಎಲವೋ! ನನ್ನೆದುರು ನಿಂತವನು ಯಾರು? ಮೊದಲು ನಿನ್ನ ಕುಲಗೋತ್ರ ಹೇಳು, ಯುದ್ಧದ ಮಾತು ಆಮೇಲೆ!"

ಧ್ವನಿ ಬಾರ್ಕೂರಿನ ಭಾವನದು, ಅಂದರೆ ಶೀನಣ್ಣನ ಹೆಂಡತಿ ಜಲಜಕ್ಕನ ಅಣ್ಣ. ವೇಷ ಹಾಕದೆ ಕುಳಿತು ಮಾತಿನಲ್ಲೇ ಯಕ್ಷಗಾನ ನಡೆಸುವ ತಾಳಮದ್ದಳೆಯಲ್ಲಿ ಅವರು ಅರ್ಥ, ಅಂದರೆ ಪಾತ್ರದ ಮಾತು, ಹೇಳುವವರು. ಮೊಬೈಲಿನಲ್ಲಿ ಹಿಡಿದದ್ದು ಅಳಿಸಿಹೋಗುತ್ತದೆಂದು ನಂಬಿದ್ದ ಜಲಜಕ್ಕ ಅಣ್ಣನ ಕೂಟಕ್ಕೆ ಟೇಪ್ ರೆಕಾರ್ಡರನ್ನೇ ಒಯ್ಯುತ್ತಿದ್ದರು. ಹಾಗೆ ಒಯ್ದಾಗ ಕೈಗೆ ಸಿಕ್ಕಿದ್ದು ಈ ಕ್ಯಾಸೆಟ್ಟು.

ಅಂಗಡಿಯಿಂದ ಕೊಂಡ ಆಟದ ಕ್ಯಾಸೆಟ್ಟಿನ ಮೇಲೆ ಬೇರೇನೂ ಹಿಡಿಯಲಾಗದಂತೆ ಅಂಚಿನಲ್ಲಿ ತೂತು ಬಿಟ್ಟಿರುತ್ತಾರೆ. ಯಾವ ಕ್ಯಾಸೆಟ್ಟೂ ವ್ಯರ್ಥವಾಗಬಾರದೆಂದು ಮನೆಗೆ ಬಂದ ಪ್ರತಿಯೊಂದರ ತೂತಿಗೂ ಕಾಗದ ಅಂಟಿಸುವುದು ಶೀನಣ್ಣನ ಪದ್ಧತಿ. ಇದಕ್ಕೂ ಅಂಟಿಸಿದ್ದರು.

ಜಲಜಕ್ಕ ಅಂಗಡಿಯ ಹಿಂದಿನ ಮನೆಯಿಂದ ಬಂದರು. "ನಂಗೆಂತ ಗೊತ್ತ್? ಹಾಕಿ ಕೇಂಡೆ, ಬರೀ ಕರ್‌ಕರ್. ಹಾಳಾದ್ ಕ್ಯಾಸೆಟ್ ಅಂದ್ಕಂಡೆ. ಶುರುವಿನ್ದ್ ಹಾಂಗೇ ಬಿಟ್ಟಿದ್ದೆ ಅಲ್ದಾ?"

ಶೀನಣ್ಣ ಸಿಟ್ಟಾಗಲಿಲ್ಲ. ಕೀಲಿಮಣೆಯ ಮೇಲೆ ಕೈ ಇಟ್ಟೇ ಭಾವನ ಮಾತನ್ನು ಕ್ಯಾಸೆಟ್ ಮುಗಿಯುವವರೆಗೂ ಕೇಳಿದರು. ಕಂಪ್ಯೂಟರೂ ಖಾಲಿ ಪರದೆ ಇಟ್ಟುಕೊಂಡು ಕಾದಿತ್ತು. ಯುದ್ಧ ಶುರುವಾಗಲಿಲ್ಲ.

"ನಿನ್ ಅಣ್ಣ ಕೈ ಎತ್ತುದೇ ಇಲ್ಲೆ ಅಲ್ದಾ" ಎಂದರು ಕೊನೆಗೆ. "ಇವ್ನನ್ನ ಸೋಲ್ಸುದ್ ಹ್ಯಾಂಗೆ?"

ಆ ಆಟದ ಇನ್ನೊಂದು ಕ್ಯಾಸೆಟ್ ಎಲ್ಲಿಯೂ ಸಿಗಲಿಲ್ಲ. ಶೀನಣ್ಣ ಮತ್ತೆ ಮೊದಲನೆಯವನಿಂದ ಆರನೆಯವನವರೆಗೆ ದಿನವೂ ಆಡಿದರು. ಆರನೆಯವನು ಬಿದ್ದ ದಿನ ಭಾವ ಬಂದು ಕುಲಗೋತ್ರ ಕೇಳುತ್ತಿದ್ದರು. ಗುಲಾಬಿ ಬುಟ್ಟಿ ಇಳಿಸಿ ಬಾಗಿಲಲ್ಲಿ ಕುಳಿತು ಅರ್ಥಗಾರಿಕೆ ಕೇಳಿ ಹೋಗುವುದನ್ನು ರೂಢಿಸಿಕೊಂಡಳು.

ಕಳೆದ ವರ್ಷ ಶೀನಣ್ಣ ಹಾಸಿಗೆ ಹಿಡಿದರು. ಅದೇ ದಿನಗಳಲ್ಲಿ, ಯಾರೋ ಆ ಆಟವನ್ನು ಕೊನೆಯವರೆಗೆ ಆಡಿ ಇಂಟರ್ನೆಟ್ಟಿನಲ್ಲಿ ಹಾಕಿದ ವಿಡಿಯೊ ನನಗೆ ಸಿಕ್ಕಿತು. ಪರಿಶೀಲಿಸದೆ ಏನನ್ನೂ ಹೇಳುವ ಅಭ್ಯಾಸವಿಲ್ಲದ್ದರಿಂದ ಮೂರು ಸಲ ನೋಡಿ, ಫೋನಿನಲ್ಲಿ ಹಾಕಿಕೊಂಡು ಹೋದೆ.

"ಸಿಕ್ಕಿತ್ತಾ? ಏಳ್ನೆಯವ ಇದ್ದ್ನಾ?" ಎದ್ದು ಕುಳಿತುಕೊಳ್ಳಲು ಜಲಜಕ್ಕನ ಕೈ ಹಿಡಿದರು. ನಾನು ಫೋನ್ ತೆಗೆದೆ. ಅವರು ಅಂಗೈ ಅಡ್ಡ ಹಿಡಿದರು. "ತೋರ್ಸ್‌ಬೇಡಿ. ನಾ ಹೊಡೀದೆ ಇದ್ದವ್ನನ್ನ ಕಾಂಬುಕಾಗ. ಒಂದೇ ಹೇಳಿ. ಅವ ಬಗ್ತ್ನಾ?"

ಏಳನೆಯವನು ಬಾಗುವುದಿಲ್ಲ. ಪರದೆಯಲ್ಲಿ ಕಾಣಿಸಿಕೊಂಡ ಕೂಡಲೇ ಹಾರಿ ಒದೆಯುತ್ತಾನೆ. ಮೂರು ಸಲವೂ ಹಾಗೆಯೇ ಮಾಡಿದ್ದ.

"ಬಗ್ತಾನೆ" ಎಂದೆ.

"ಪೂರ್ತಿಯಾ?"

"ಪೂರ್ತಿ."

ಶೀನಣ್ಣ ಹೆಂಡತಿಯ ಕಡೆ ತಿರುಗಿದರು. "ಕೇಂಡ್ಯಾ? ನಾ ಹೇಳ್ಳಿಲ್ಯಾ?"

"ಆಯ್ತ್, ಈಗಾರೂ ಗಂಜಿ ಉಣ್ಣಿ" ಎಂದರು ಜಲಜಕ್ಕ.

ಉಂಡರು. ಆಮೇಲೆ ಎರಡು ವಾರ ಇದ್ದರು.

ಅಂಗಡಿಯಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಯಾರೂ ಚಪ್ಪಲಿ ಬಿಡುವುದಿಲ್ಲ. ತಪ್ಪು ಸುದ್ದಿ ಪ್ರಕಟವಾದರೆ ಮರುದಿನ ಅದೇ ಪುಟದಲ್ಲಿ ತಿದ್ದುಪಡಿ ಹಾಕುವುದು ನಮ್ಮ ವೃತ್ತಿಯ ಕ್ರಮ. ‘ಪೂರ್ತಿ’ ಎಂದ ಮರುದಿನವೂ ಅವರ ಮನೆಗೆ ಹೋಗಿದ್ದೆ. ಹವಾಮಾನದ ಬಗ್ಗೆ ಮಾತಾಡಿ ಬಂದೆ.