ಕುಮಾರಧಾರೆ ದಾಟಿದ ಹೊಲಿಗೆ ಯಂತ್ರ

ಪುತ್ತೂರಿನ ಬಸ್ ನಿಲ್ದಾಣಕ್ಕೆ ನಾನು ಬಸ್ಸು ಹೊರಡುವ ಅರ್ಧ ಗಂಟೆ ಮೊದಲೇ ಹೋಗಿದ್ದೆ. ಬೋರ್ಡಿಂಗ್ ಶಾಲೆಯಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವಳು ನಾನು; ಆ ಅಭ್ಯಾಸ ಇಂದಿಗೂ ಬಿಟ್ಟಿಲ್ಲ. ಆದರೆ ಆ ದಿನ ನನ್ನ ಶಿಷ್ಯೆ ಬಾಗಿ ನನಗಿಂತಲೂ ಮೊದಲೇ ಬಂದು, ಒಂದು ಮರದ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕುಳಿತಿದ್ದಳು. ಪೆಟ್ಟಿಗೆಯೊಳಗೆ ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರವಿತ್ತು.

ಅರವತ್ತರ ದಶಕದ ಮೊದಲ ವರ್ಷಗಳ ಮಾತಿದು. ಸುಳ್ಯ, ಕಡಬ ಎಲ್ಲವೂ ಆಗ ಪುತ್ತೂರು ತಾಲೂಕಿಗೇ ಸೇರಿದ್ದವು. ಪುತ್ತೂರಿನ ಒಂದು ಹೊಲಿಗೆ ತರಬೇತಿ ಕೇಂದ್ರದಲ್ಲಿ ನಾನು ಶಿಕ್ಷಕಿಯಾಗಿದ್ದೆ. ಈಗ ದಲಿತರು ಎನ್ನುತ್ತೇವೆ, ಆಗ ಹರಿಜನರು ಎನ್ನುತ್ತಿದ್ದರು. ಆ ಹೆಣ್ಣುಮಕ್ಕಳಿಗೆ ಗದ್ದೆಯ ಕೂಲಿಯಲ್ಲದೆ ಬೇರೊಂದು ದುಡಿಮೆ ಕಲಿಸುವುದು ನಮ್ಮ ಕೆಲಸ. ಕಲಿತವಳಿಗೆ ಒಂದು ಯಂತ್ರವನ್ನು ಎರವಲು ಕೊಡುತ್ತಿದ್ದೆವು. ಮಳೆಗಾಲ ಹಿಡಿಯುವುದರೊಳಗೆ ಊರಿನವರು ಹೊಲಿಸಿಕೊಳ್ಳಲು ಬಂದರೆ ಯಂತ್ರ ಅವಳದು, ಬಾರದಿದ್ದರೆ ವಾಪಸು. ಹಿಂದಿನ ವರ್ಷ ಸುಳ್ಯದ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದ ಯಂತ್ರ ಹೋದ ಹಾಗೆಯೇ ಹಿಂದಕ್ಕೆ ಬಂದಿತ್ತು. ಯಾರೂ ಬಟ್ಟೆ ಕೊಟ್ಟಿರಲಿಲ್ಲ. ಅದೇ ಯಂತ್ರವನ್ನು ಈಗ ಬಾಗಿಗೆ ಕೊಟ್ಟಿದ್ದೆವು. ಅವಳನ್ನು ಊರು ಮುಟ್ಟಿಸಿ, ನಾಲ್ಕು ಮನೆಗಳಿಗೆ ಪರಿಚಯಿಸಿ ಬರಲೆಂದು ನಾನು ಜೊತೆಗೆ ಹೊರಟಿದ್ದೆ.

ಬಸ್ಸಿನಲ್ಲಿ ಕಂಡಕ್ಟರನಿಗೂ ಅವಳಿಗೂ ಸಣ್ಣದೊಂದು ಜಗಳವಾಯಿತು.

"ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕು ಮಾರಾಯ್ತಿ, ಜನ ಎಲ್ಲಿ ಕೂರುದು?"

"ಮೇಲೆ ಹಾಕಿದ್ರೆ ಅದು ಕುಣಿದು ಕುಣಿದು ಹಲ್ಲು ಉದುರಿಸಿಕೊಳ್ತದೆ. ನನ್ನ ಮಡಿಲಲ್ಲೇ ಇರ್ಲಿ."

"ಹಾಗಾದ್ರೆ ಅದಕ್ಕೂ ಟಿಕೇಟು."

"ಅರ್ಧ ಟಿಕೇಟು ಕೊಡಿ. ಅದಿನ್ನೂ ಸಣ್ಣದು," ಎಂದಳು ಬಾಗಿ. ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಲಗೇಜಿಗೆಂದು ನಾಲ್ಕಾಣೆ ತೆಗೆದುಕೊಂಡು ಸುಮ್ಮನಾದ.

ಸವಣೂರಿನಲ್ಲಿ ಇಳಿದೆವು. ಅಲ್ಲಿಂದ ಕುಮಾರಧಾರೆ ಹೊಳೆಯ ದೋಣಿ ಕಡವಿನವರೆಗೆ ನಡಿಗೆ. ಬಾಗಿ ತಲೆಗೆ ಸಿಂಬಿಯಿಟ್ಟು ಪೆಟ್ಟಿಗೆ ಹೊತ್ತಳು. ಮಳೆಗಾಲದ ಏಣಿಲು ಬೆಳೆಯ ಕೊಯ್ಲು ಮುಗಿದ ದಿನಗಳು. ಗದ್ದೆಗಳಲ್ಲಿ ಕೂಳೆ ಒಣಗುತ್ತಿತ್ತು, ಹುಲ್ಲಿನ ವಾಸನೆ ದಾರಿಯುದ್ದಕ್ಕೂ ಹಬ್ಬಿತ್ತು. ಕಡವಿನಲ್ಲಿ ಹಲಸಿನ ಮರದ ನೆರಳಿಗೆ ಕುಳಿತು, ತಂದಿದ್ದ ಅವಲಕ್ಕಿ ಬೆಲ್ಲ ತಿಂದು, ಹೊಳೆಯ ನೀರು ಕುಡಿದೆವು. ಆಗಿನ ಆ ನೀರಿನ ರುಚಿ ನನ್ನ ನಾಲಿಗೆಗೆ ಇನ್ನೂ ನೆನಪಿದೆ.

ದೋಣಿ ನಡೆಸುವವನು ಅದ್ರಾಮ ಬ್ಯಾರಿ. ಬಾಗಿಯನ್ನು ಕಂಡದ್ದೇ ಕೇಳಿದ: "ಎಂತ ಬಾಗೀ, ಪೆಟ್ಟಿಗೆಯಲ್ಲಿ ಗಂಡನನ್ನು ತಂದದ್ದಾ?"

"ಗಂಡನಿಗಿಂತ ಒಳ್ಳೇದು, ಬ್ಯಾರಿಗಳೇ. ತಿರುಗಿಸಿದ ಹಾಗೆ ತಿರುಗ್ತದೆ."

"ಹಾಗಾದ್ರೆ ನನ್ನ ಬೀವಿಗೆ ತೋರಿಸ್ಬೇಡ ಮಾರಾಯ್ತಿ!" ಎಂದು ನಗುತ್ತಾ ಹುಟ್ಟುಗೋಲು ಊರಿದ. ನಡುಹೊಳೆಯಲ್ಲಿ ಮಾತ್ರ ನಗು ನಿಲ್ಲಿಸಿ ನನ್ನ ಕಡೆ ತಿರುಗಿದ. "ಟೀಚರಮ್ಮಾ, ನಮ್ಮ ಮನೆಯವಳು ತಾನು ತೊಡುವ ಕುಪ್ಪಾಯ ಹೊಲಿಸಿಯಾಳು. ಅದು ದೊಡ್ಡ ಸಂಗತಿಯಲ್ಲ. ದೊಡ್ಡ ಮನೆಯ ಅಮ್ಮ ಕೊಟ್ರೆ ಉಳಿದ ಮನೆಯವರೆಲ್ಲ ಕೊಡ್ತಾರೆ. ಅವರು ಕೊಡದಿದ್ರೆ ಯಾರೂ ಇಲ್ಲ."

ಆಚೆ ದಡದಿಂದ ಕಡಬಕ್ಕೆ ಹೋಗುವ ಕಾಲುದಾರಿಯಲ್ಲಿ, ಒಂದು ಗುಡ್ಡೆಯ ಬುಡದಲ್ಲಿ ಬಾಗಿಯ ಮನೆ. ಮುಳಿಹುಲ್ಲಿನ ಮಾಡು, ಸೆಗಣಿ ಸಾರಿಸಿದ ಪುಟ್ಟ ಅಂಗಳ. ಅವಳ ತಾಯಿ ಕೊರಪೊಳು ನನಗೆ ಚಾಪೆ ಹಾಕಿ, ಊಟಕ್ಕೆ ಬಡಿಸಲೋ ಬೇಡವೋ ಎಂದು ನಿಂತಳು. ನಾನೇ ಬಟ್ಟಲು ಕೇಳಿದೆ. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಸುಟ್ಟ ಒಣಮೀನು. ಅಷ್ಟು ರುಚಿಯಾಗಿ ನಾನು ಉಂಡದ್ದು ಕಡಿಮೆ.

ಊಟದ ನಂತರ ಮರುದಿನದ ಮಾತು ಬಂತು. ದೊಡ್ಡ ಮನೆಯವರ ಜಾಗದಲ್ಲೇ ಇವರ ಗುಡಿಸಲು. ತಲೆತಲಾಂತರದಿಂದ ಅವರ ಗದ್ದೆಯ ಆಳುಗಳು. ಕೊರಪೊಳು ಮಗಳಿಗೆ ಹೇಳಿದಳು: "ನಾಳೆ ಅಮ್ಮ ಅಳತೆ ರವಿಕೆ ಕೊಡ್ತಾರೆ. ಕೊಟ್ಟದ್ದು ತಕ್ಕೊಂಡು ಬಾ. ಹೆಚ್ಚಿನ ಮಾತು ಬೇಡ."

ಅಳತೆ ರವಿಕೆ ಎಂದರೆ ಹೊಸದಕ್ಕೆ ಮಾದರಿಯಾಗಿ ಕೊಡುವ ಹಳೆಯ ರವಿಕೆ. ಆ ಕಾಲದಲ್ಲಿ ದರ್ಜಿಗಳೆಲ್ಲ ಗಂಡಸರೇ ಆದ್ದರಿಂದ ಹೆಂಗಸರು ಮೈಯಳತೆ ಕೊಡುತ್ತಿರಲಿಲ್ಲ, ಹಳೆಯದನ್ನು ಕಳುಹಿಸುತ್ತಿದ್ದರು. ಬಾಗಿಯಂಥವಳಿಗೆ ಅದೇ ಪದ್ಧತಿ ಬೇರೆ ಕಾರಣಕ್ಕೆ ಅನ್ವಯಿಸುತ್ತಿತ್ತು: ಮುಟ್ಟಿಸಿಕೊಳ್ಳಬೇಕಾಗಿಲ್ಲ. ಮೊದಮೊದಲು ಹಾಗೆಯೇ ಆಗಲಿ, ಕೆಲಸ ಕಂಡ ಮೇಲೆ ಜನ ಬದಲಾದಾರು ಎಂದು ನಾನೂ ಹೇಳಿದೆ.

"ಇಲ್ಲ ಟೀಚರ್," ಎಂದಳು ಬಾಗಿ. "ದೂರದಿಂದ ಬಿಸಾಡಿದ್ದನ್ನು ಹೆಕ್ಕಿಕೊಳ್ಳುದು ಗದ್ದೆಯಲ್ಲೇ ಸಾಕಾಗಿದೆ. ಅದಕ್ಕೆ ಪುತ್ತೂರಿಗೆ ಹೋಗಿ ಟೇಪು ಹಿಡಿಲಿಕ್ಕೆ ಯಾಕೆ ಕಲಿಬೇಕಿತ್ತು?"

"ಮಾಡಿನ ಹುಲ್ಲು ಅವರದ್ದು, ನಿಂತ ನೆಲ ಅವರದ್ದು. ಏಳಿ ಅಂದ್ರೆ ಎಲ್ಲಿಗೆ ಹೋಗುದು?" ಎಂದಳು ತಾಯಿ. ಬಾಗಿ ಪೆಟ್ಟಿಗೆ ತೆರೆದು ಯಂತ್ರ ಒರೆಸತೊಡಗಿದಳು.

ಮರುದಿನ ಇಬ್ಬನಿ ಆರಿದ ಮೇಲೆ ದೊಡ್ಡ ಮನೆಗೆ ಹೋದೆವು. ನನ್ನನ್ನು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು. ಬಾಗಿ ಅಂಗಳದಲ್ಲಿ ನಿಂತಳು. ಕೊರಪೊಳು ಇನ್ನೂ ಹಿಂದೆ, ದನದ ಹಟ್ಟಿಯ ಹತ್ತಿರ. ಮನೆಯ ಯಜಮಾನಿ, ಎಲ್ಲರೂ ಅಮ್ಮ ಎಂದು ಕರೆಯುವ ಗಟ್ಟಿ ಮುದುಕಿ, ಒಂದು ಅಡಕೆ ಹಾಳೆಯ ಮೇಲೆ ಹೊಸ ಬಟ್ಟೆಯನ್ನೂ ಹಳೆಯ ರವಿಕೆಯೊಂದನ್ನೂ ಇಟ್ಟು ಜಗಲಿಯ ಅಂಚಿಗೆ ಸರಿಸಿದರು. "ಸೊಸೆಗೆ. ಇದರ ಅಳತೆಗೆ ಹೊಲಿ."

ಬಾಗಿ ರವಿಕೆಯನ್ನು ಬಿಡಿಸಿ ಹಿಡಿದು, ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ ಸೊಸೆ ಸುಶೀಲಾಳನ್ನು ನೋಡಿದಳು.

"ಇದು ಮದುವೆಗೆ ಹೊಲಿಸಿದ್ದಲ್ವಾ ಅಮ್ಮ? ಸಣ್ಣಮ್ಮನಿಗೆ ಈಗ ಇದರಲ್ಲಿ ಒಂದು ಕೈಯೂ ಹೋಗ್ಲಿಕ್ಕಿಲ್ಲ."

ಸುಶೀಲಾ ಕಿಸಕ್ಕನೆ ನಕ್ಕಳು.

"ಹಾಗಾದ್ರೆ ಎರಡು ಬೆರಳು ಹೆಚ್ಚಿಗೆ ಇಡು," ಎಂದರು ಅಮ್ಮ.

"ಎಲ್ಲಿ ಇಡುದು? ತೋಳಿಗಾ, ಬೆನ್ನಿಗಾ, ಎದೆಗಾ? ಅಳತೆ ತೆಗಿಬೇಕು."

ಅಮ್ಮ ವೀಳ್ಯದೆಲೆಗೆ ಸುಣ್ಣ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, "ಟೀಚರು ಇದ್ದಾರಲ್ಲ, ಅವರು ಅಳೀಲಿ. ಇವಳು ಅಲ್ಲಿಂದ ನೋಡಿಕೊಳ್ಳಲಿ," ಎಂದರು. ಅವರ ಮಟ್ಟಿಗೆ ಅದು ಎಲ್ಲರಿಗೂ ಒಪ್ಪುವ ದಾರಿ. ನಾನು ಬಾಗಿಯ ಮುಖ ನೋಡಿದೆ. ಅವಳು ಟೇಪನ್ನು ನನ್ನತ್ತ ಚಾಚಲಿಲ್ಲ.

"ಟೀಚರು ನಾಳೆ ಪುತ್ತೂರಿಗೆ ಹೋಗ್ತಾರೆ ಅಮ್ಮ. ಇಲ್ಲಿ ಇರುದು ನಾನು. ನಾನು ಅಳೆದದ್ದಕ್ಕೆ ಮಾತ್ರ ನಾನು ಕತ್ತರಿ ಹಾಕುದು. ಬೇಡ ಅಂತಾದ್ರೆ ಕಡಬದ ದರ್ಜಿಗೇ ಕಳಿಸಿ."

ಹಟ್ಟಿಯ ಹತ್ತಿರ ಕೊರಪೊಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಮ್ಮನ ಕೈ ಎಲೆಯ ಮೇಲೆ ನಿಂತಿತು. ಯಂತ್ರ ಮಾತ್ರವಲ್ಲ, ಗುಡಿಸಲೂ ಹೋಯಿತು ಎಂದು ನನಗನ್ನಿಸಿತು.

ಆಗ ಸುಶೀಲಾ ಮಾತಾಡಿದಳು. "ಅತ್ತೆ, ಆಟಿ ತಿಂಗಳ ಮಳೆಗೆ ಹೊಳೆ ತುಂಬಿ ಯಾರೂ ಬಾರದಿದ್ದಾಗ ನನ್ನ ಹೆರಿಗೆ ಮಾಡಿಸಿದ್ದು ಕೊರಪೊಳು. ಅವತ್ತು ಅವಳು ಅಂಗಳದಲ್ಲಿ ನಿಂತು ಮಾಡಿಸಿದ್ದಾ?"

"ಅದು ಬೇರೆ," ಎಂದರು ಅಮ್ಮ. "ಹೆರಿಗೆ ಅಂದ್ರೆ ಹೇಗೂ ಅಮೆಯ ಸೂತಕ. ಅದಕ್ಕೆ ಪುಣ್ಯಾಹ ಉಂಟು. ರವಿಕೆಗೆ ಎಂತ ಉಂಟು?"

"ರವಿಕೆಗೆ ಬಟನ್ ಉಂಟು," ಎಂದು ಸುಶೀಲಾ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಮೆಟ್ಟಿಲಿಳಿದು ಅಂಗಳಕ್ಕೆ ಬಂದಳು. "ಅಳತೆ ತೆಗಿ ಬಾಗಿ. ಬಿಸಿಲು ಏರ್ತಾ ಉಂಟು."

ಬಾಗಿ ಟೇಪು ಬಿಡಿಸಿದಳು. ಬೆನ್ನಿನ ಅಳತೆ ಎರಡು ಸಲ ತೆಗೆದಳು. ಆಮೇಲೆ ಕೈ ಕುದುರಿತು. ಅಳತೆಗಳನ್ನು ಗಟ್ಟಿಯಾಗಿ ಹೇಳಿಕೊಂಡಳು, ತರಗತಿಯಲ್ಲಿ ಹೇಳುತ್ತಿದ್ದಂತೆಯೇ. ಅಮ್ಮ ಮುಖ ತಿರುಗಿಸಿ ತೆಂಗಿನ ಮರ ನೋಡುತ್ತಿದ್ದರು. ಮುಗಿಯುತ್ತಾ ಬಂದಾಗ ಅತ್ತಲಿಂದಲೇ ಹೇಳಿದರು: "ತೋಳು ಬಿಗಿ ಮಾಡ್ಬೇಡ. ಮುಂದೆ ಸೆಕೆಗಾಲ." ಮತ್ತೆ ಸೊಸೆಗೆ: "ಮಿಂದು ಒಳಗೆ ಬಾ."

"ಸಂಜೆ ಹೇಗೂ ಮೀಯುದು ಉಂಟಲ್ಲ ಅತ್ತೆ," ಎಂದು ಸುಶೀಲಾ ನೇರವಾಗಿ ಒಳಗೆ ಹೋದಳು. ಅಮ್ಮ ಮಗುವನ್ನು ತಟ್ಟುತ್ತಾ ಕುಳಿತರು.

ಆ ಮಧ್ಯಾಹ್ನ ಗುಡಿಸಲಿನಲ್ಲಿ ಯಂತ್ರ ಮೊದಲ ಸಲ ತಿರುಗಿತು. ಸಂಜೆಗೆ ರವಿಕೆ ಸಿದ್ಧ. ಕೊರಪೊಳು ತಾನೇ ಅದನ್ನು ಕೊಂಡೊಯ್ದಳು. ಬರುವಾಗ ಅವಳ ಕೈಯಲ್ಲಿ ಕೂಲಿಯೂ ಒಂದು ಬಾಳೆಗೊನೆಯೂ ಇದ್ದವು. "ಅಮ್ಮ ಏನೆಂದರು?" ಎಂದು ಕೇಳಿದೆ. "ತೋಳು ಸಡಿಲ ಉಂಟಾ ಅಂತ ನೋಡಿದ್ರು. ಮತ್ತೆ ಎಂತ ಹೇಳ್ಲಿಲ್ಲ," ಎಂದಳು. ಏಳಿ ಎನ್ನಲಿಲ್ಲ ಎಂಬುದೇ ಅವಳಿಗೆ ದೊಡ್ಡ ಸುದ್ದಿ.

ಮೂರನೆಯ ದಿನ ಕಡಬಕ್ಕೆ ನಡೆದು, ಅಲ್ಲಿಂದ ಉಪ್ಪಿನಂಗಡಿಯ ಮೇಲೆ ಪುತ್ತೂರಿಗೆ ಬಸ್ಸು ಹಿಡಿಯುವುದೆಂದು ಹೊರಟೆ. ಬಾಗಿ ದಾರಿಯವರೆಗೆ ಬಂದಳು. ಮನೆಯ ಕಡೆ ಯಾರೋ ಕೂಗಿದಂತಾಗಿ, "ಹೋಗ್ತೇನೆ ಟೀಚರ್" ಎಂದು ಅರ್ಧದಲ್ಲೇ ಓಡಿದಳು. ಬೀಳ್ಕೊಡುವ ಮಾತಿಗೆ ಪುರಸೊತ್ತಿರಲಿಲ್ಲ.

ಆ ದಾರಿಯಲ್ಲಿ ಈಗ ಬಸ್ಸುಗಳು ಓಡುತ್ತವೆ, ಆ ಗುಡಿಸಲೂ ಇಲ್ಲ. ಅಂದಿನ ಗುಡ್ಡೆಯೇರು ಮಾತ್ರ ನನ್ನ ಕಾಲಿಗೆ ಇನ್ನೂ ನೆನಪಿದೆ. ಅರ್ಧ ಏರಿ, ಉಸಿರು ತೆಗೆದುಕೊಳ್ಳಲು ತಿರುಗಿ ನಿಂತೆ. ಕೆಳಗೆ ಗುಡಿಸಲಿನ ಅಂಗಳ ಅಂಗೈಯಗಲ ಕಾಣುತ್ತಿತ್ತು. ದೊಡ್ಡ ಮನೆಯವರ ಬಳಗದ ಹೆಂಗಸರು ಎಂದೂ ಕಾಲಿಡದ ಅಂಗಳ. ಅಲ್ಲಿ, ಉಟ್ಟ ರೀತಿಯಲ್ಲೇ ಆ ಬಳಗದವರೆಂದು ತಿಳಿಯುವಂತೆ, ಮೂವರು ಹೆಂಗಸರು ಬಟ್ಟೆಯ ಗಂಟು ಹಿಡಿದು ಸಾಲಾಗಿ ನಿಂತಿದ್ದರು. ನಾಲ್ಕನೆಯವಳು ಮುಂದೆ ಬಂದು, ಎರಡೂ ಕೈಗಳನ್ನು ಅಗಲವಾಗಿ ಚಾಚಿ ಬಿಸಿಲಿನಲ್ಲಿ ನಿಂತಿದ್ದಳು. ಬಾಗಿ ಅವಳ ಸುತ್ತ ಸುಳಿದಾಡುತ್ತಿದ್ದಳು. ಆ ನಾಲ್ಕನೆಯವಳು ಯಾರೆಂದು ಅಷ್ಟು ದೂರದಿಂದ ಗುರುತು ಸಿಗಲಿಲ್ಲ.

ಕಡಬದ ಬಸ್ಸಿಗೆ ಹೊತ್ತು ಮೀರುತ್ತಿತ್ತು. ಆದರೂ ಆ ಕೈಗಳು ಕೆಳಗಿಳಿಯುವ ತನಕ ನಾನು ಅಲ್ಲೇ ನಿಂತೆ.